ಉಸ್ತಾದರ ನೀಲಿ ಮಾರಿ

ಹೋದ ವಾರ ಕೆಂಭಾವಿಯಲ್ಲಿ ಒಂದು ಮನಿಗೆ ಹೊಸ ಬಣ್ಣ ಹೊಡೆಯಲು ಮುಂದಿನ ಗ್ವಾಡಿ ಕೆರೆಯುತ್ತಿದ್ದೆ. ಹಳೇ ಬಣ್ಣದ ಪದರು ಉದುರಿದಂತೆ ಒಳಗಿನಿಂದ ಒಂದು ನೀಲಿ ಕಣ್ಣು ನನ್ನನ್ನೇ ದಿಟ್ಟಿಸಿತು. ಏಣಿಯ ಮೇಲೆ ನಿಂತೇ ನಕ್ಕುಬಿಟ್ಟೆ. ನಮ್ಮ ಉಸ್ತಾದರು ಬರೆದದ್ದು...

ಉಸ್ತಾದರು ಸುರಪುರದವರು. ದೊಡ್ಡ ಊರಲ್ಲಿ ಚಿತ್ರಕಲೆ ಕಲಿತು ಬಂದವರು. ನಾನು ಐದನೇ ಕ್ಲಾಸಿಗೇ ಸಾಲಿ ಬಿಟ್ಟವನು. ಆದರೆ ದಾರ ಹಿಡಿಯದೆ ಬಾರ್ಡರ್ ಎಳೆದರೂ ಕೂದಲೆಳೆಯಷ್ಟು ಸೊಟ್ಟ ಆಗುತ್ತಿರಲಿಲ್ಲ. ಉಸ್ತಾದರು ಮೂರು ಹೆಗಲಿನ ಕುದುರೆ, ಹೊಟ್ಟೆಯಲ್ಲಿ ಕಿಡಕಿ ಇರುವ ಹೆಂಗಸು, ಇಂಥವೇ ಬರೆಯುತ್ತಿದ್ದರು. ಯಾರಾದರೂ “ಛಂದ ಆಗ್ಯಾದ್ರಿ” ಅಂದರೆ ಅವತ್ತೇ ಅಳಿಸುತ್ತಿದ್ದರು.

“ಛಂದ ಅಂದ್ರ ಚಿತ್ರ ಸತ್ತಂಗ, ತಮ್ಮಾ. ನೋಡಿದವ ಬೈಬೇಕು!”

ಇದೇ ಮನಿ ಆಗ ಹೊಸದು. ನನಗೆ ಸಿಕ್ಕ ಮೊದಲ ದೊಡ್ಡ ಕೆಲಸ. ಇಲ್ಲಿ ಹೆಸರು ಕೆಟ್ಟರೆ ಕೆಂಭಾವಿಯಲ್ಲಿ ಮತ್ತೆ ಬ್ರಶ್ ಹಿಡಿಯುವಂತಿರಲಿಲ್ಲ. ಬಾಗಿಲ ಮೇಲೆ ಆರತಿ ಹಿಡಿದ ಹೆಣ್ಣುಮಗಳು ಬೇಕು ಅಂದಿದ್ದರು ಮನಿಯ ಸಾವುಕಾರರು. ನನಗೆ ಮಾರಿ, ಅಂದರೆ ಮುಖ, ಬರೆಯಲು ಬರದು. ಉಸ್ತಾದರನ್ನು ಏಣಿ ಹತ್ತಿಸಿ, ಹಿತ್ತಲ ಕಿಡಕಿಗೆ ಬಣ್ಣ ಹೊಡೆಯಲು ಹೋದೆ. ಅದೇ ತಪ್ಪಾಯಿತು.

ಬಂದು ನೋಡಿದರೆ ನೀಲಿ ಮಾರಿ! ಎರಡೂ ಕಣ್ಣು ಮೂಗಿನ ಒಂದೇ ಕಡೆ. ಹಲ್ಲು ಕಿವಿತನಕ. ಆರತಿ ತಲೆಗೂದಲಿಗೆ ಹತ್ತಿ ಉರಿಯುತ್ತಿತ್ತು.

“ಏ ಪೇಂಟರಾ, ಏನೋ ಇದು ದೆವ್ವ? ನಾಳಿಗೆ ಮನಿ ವಾಸ್ತುಪೂಜಾ ಅದ, ಬೀಗರು ಬರೋರಿದ್ದಾರ!” ಸಾವುಕಾರರು ಕೂಗಾಡಿದರು.

ಉಸ್ತಾದರು ಕೈಕಟ್ಟಿ ನಿಂತು, ಹಬ್ಬದ ಊಟ ಉಂಡವರಂತೆ ಕಣ್ಣುಮುಚ್ಚಿ, “ಬೈರಿ, ಇನ್ನಾ ಜೋರ್ ಬೈರಿ” ಅಂದರು.

ನಾನು ಬಿಳಿ ಬಣ್ಣದ ಡಬ್ಬಿ ತೆಗೆದೆ. ಅಷ್ಟರಲ್ಲಿ ಸಾವುಕಾರರ ಅವ್ವ ಕೋಲೂರುತ್ತ ಬಂದಳು. ಬಹಳ ಹೊತ್ತು ನೋಡಿ, ಆ ಮಾರಿಗೆ ಬೆರಳ ಲಟಿಗೆ ಮುರಿದಳು.

“ಅಳಿಸಬ್ಯಾಡ್ರೋ. ಈಕಿನ್ನ ನೋಡಿದ ಮ್ಯಾಲ ಯಾರ ಕೆಟ್ಟ ನೆದರು ನಮ್ಮ ಹೊಸ್ತಲಾ ದಾಟತದ? ಅಗದಿ ಛಂದ ಬರದೀರಿ, ಉಸ್ತಾದ್ರ!”

ಉಸ್ತಾದರ ಮುಖ ಬಾಡಿತು. ನನ್ನ ಕೈಯ ಬ್ರಶ್ ಕಸಿದು ತಾವೇ ಅಳಿಸಲು ಹೋದರು. ಮುದುಕಿ ಕೋಲೆತ್ತಿದಳು. ಕಲೆ ಉಳಿಯಿತು.

ಆಮೇಲೆ ಶಹಾಪುರದಿಂದ ರಾಮಸಮುದ್ರದತನಕ ಹೊಸಮನಿ ಕಟ್ಟಿಸಿದವರೆಲ್ಲ ದೃಷ್ಟಿ ತಾಗಬಾರದೆಂದು ಕೇಳಿದ್ದು ಆ ನೀಲಿ ಮಾರಿಯನ್ನೇ. ಉಸ್ತಾದರು ಒಲ್ಲೆ ಅಂದರು. ನೋಡಿ ನೋಡಿ ನಾನೇ ಬರೆಯಲು ಕಲಿತೆ. “ನನ್ನ ಕಲಾ ನೆದರಗೊಂಬಿ ಮಾಡಿದೆಲ್ಲೋ, ಹರಾಮಖೋರ!” ಅಂತ ಬೈಯುತ್ತಲೇ ಸೈಕಲ್ ನಿಲ್ಲಿಸಿ, “ಎಡಗಣ್ಣ ಇನ್ನಾ ಮ್ಯಾಲ ತಗೋ” ಅನ್ನುತ್ತಿದ್ದರು...

ಈಗ ಅಂಗಡಿಯಲ್ಲಿ ಅಚ್ಚುಹಾಕಿದ ನೆದರಗೊಂಬಿ ಸಿಗುತ್ತವೆ. ನಾನು ಬರೆದ ಮಾರಿಗಳ ಮೇಲೆ ನಾನೇ ಬಣ್ಣ ಬಳಿದಿದ್ದೇನೆ. ಮುದುಕಿ ಹೋದ ಮೇಲೆ ಯಾರೋ ಬಣ್ಣ ಬಳಿದು ಮುಚ್ಚಿದ್ದ ಇದೊಂದೇ ಉಸ್ತಾದರ ಕೈಯಿಂದಾದ ಮಾರಿ.

ಕೆಳಗಿನಿಂದ ಸಾವುಕಾರರ ಮೊಮ್ಮಗ ಕೂಗಿದ: “ಕಾಕಾ, ಏನ್ ಹೊಲಸ ಮಾರಿರಿ ಅದು! ಯಾವ ಹುಚ್ಚ ಬರದಾನ? ಮುಚ್ಚಿಬಿಡ್ರಿ!”

ಇಷ್ಟು ವರ್ಷಕ್ಕೆ ಒಬ್ಬ ಬೈದ. ಕೇಳಲಿಕ್ಕೆ ಉಸ್ತಾದರಿಲ್ಲ.

“ಇನ್ನೊಮ್ಮಿ ಬೈರಿ, ಸಾವುಕಾರ. ಸ್ವಲ್ಪ ಜೋರ್ ಬೈರಿ” ಅಂದೆ.

ಅವನು ಬೈದ. ಆಮೇಲೆ ಬಿಳಿ ಬಣ್ಣದಲ್ಲಿ ಬ್ರಶ್ ಅದ್ದಿದೆ.