ವಿಶ್ವಕರ್ಮ ಪೂಜೆಯ ಮರುದಿನದ ಬಿರುಕು

ಗಾಜಿಯಾಬಾದಿನ ನಮ್ಮ ಕಾರ್ಖಾನೆಯಲ್ಲಿ ಅಲಾಯ್ ಸ್ಟೀಲಿನ ಶಾಫ್ಟುಗಳನ್ನು ಕೆಂಪಗೆ ಕಾಯಿಸಿ, ಎಣ್ಣೆಗೆ ಅದ್ದಿ, ಮತ್ತೆ ಹದವಾಗಿ ಕಾಯಿಸುತ್ತೇವೆ. ಲ್ಯಾಬು ನನ್ನದು, ಕುಲುಮೆ ವಯಸ್ಸಾದ ನಮ್ಮ ಮೇಸ್ತ್ರಿ ಉಸ್ತಾದರದ್ದು. ಹೋದ ವರ್ಷ ವಿಶ್ವಕರ್ಮ ಪೂಜೆ, ಅಂದರೆ ಇಲ್ಲಿನವರ ಆಯುಧ ಪೂಜೆ, ಮುಗಿದ ಮೇಲೆ ಒಂದು ಬ್ಯಾಚ್ ಪೂರ್ತಿ ಬಿರುಕು ಬಿಟ್ಟಿತು. "ಮುದುಕ ಜಾಸ್ತಿ ಕಾಯಿಸಿದ್ದಾನೆ. ಸಂಜೆಯೊಳಗೆ ರಿಪೋರ್ಟ್ ಕೊಡಿ, ಮನೆಗೆ ಕಳಿಸ್ತೀನಿ" ಅಂದರು ಮಾಲೀಕರು. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ! ಮೈಯೆಲ್ಲ ಉರಿಯಿತು. ಆದರೆ ಜ್ವರ ಯಾವ ಎಮ್ಮೆಗೆ ಅಂತ ನನಗೂ ಗೊತ್ತಿರಲಿಲ್ಲ.

ತುಂಡು ಕತ್ತರಿಸಿ, ಕನ್ನಡಿಯ ಹಾಗೆ ಉಜ್ಜಿ, ಆಸಿಡ್ ಸವರಿ ಮೈಕ್ರೋಸ್ಕೋಪಿನಡಿ ಇಟ್ಟೆ. ಜಾಸ್ತಿ ಕಾಯಿಸಿದ್ದರೆ ಉಕ್ಕಿನ ಕಣಗಳು ದಪ್ಪಗಾಗಿರಬೇಕಿತ್ತು. ಸಣ್ಣಗೇ ಇದ್ದವು. ಒಳಗೆ ಸೂಜಿ ಸೂಜಿಯಾಗಿ ಮಾರ್ಟೆನ್ಸೈಟ್, ಎಣ್ಣೆಗೆ ಅದ್ದಿದ ಉಕ್ಕು ತಾಳುವ ಗಟ್ಟಿ ರೂಪ, ಹೇಗಿರಬೇಕೋ ಹಾಗೇ. ಗಟ್ಟಿತನವೂ ಸರಿ. ಮತ್ತೆ ಒಡೆದದ್ದು ಯಾಕೆ ಮಾರಾಯ? ಇನ್ನೊಂದು ತುಂಡು ನೋಡಿದೆ. ತಲೆ ಬುಡ ತಿಳಿಯಲಿಲ್ಲ. ಊಟ ಆಯ್ತಾ ಅಂತ ಫೋನ್ ಮಾಡಿದ ಗಂಡನ ಮೇಲೆ ಸುಮ್ಮಸುಮ್ಮನೆ ರೇಗಿಬಿಟ್ಟೆ.

ಕೊನೆಗೆ ಒಂದು ಶಾಫ್ಟನ್ನು ಬಿರುಕಿನ ಜಾಗದಲ್ಲೇ ಒಡೆಸಿದೆ. ಒಳಮೈ ಹೊಗೆ ಹಿಡಿದ ಹಾಗೆ ಕಪ್ಪು. ಎರಡನೇ ಸಲ ಕಾಯಿಸುವಾಗ ಕುಲುಮೆಯ ಬಿಸಿಗಾಳಿ ಬಿರುಕಿನೊಳಗೂ ಹೊಕ್ಕು ಕಪ್ಪಾಗಿದೆ, ಅಂದರೆ ಅದಕ್ಕೂ ಮೊದಲೇ ಬಿರುಕಿತ್ತು! ಎಣ್ಣೆಗೆ ಅದ್ದಿದ ಉಕ್ಕು ಒಳಗೊಳಗೇ ಬಿಗಿದುಕೊಂಡಿರುತ್ತದೆ. ಬೇಗ ಕಾಯಿಸಿದರೆ ಸಡಿಲವಾಗುತ್ತದೆ, ತಡವಾದರೆ ತಾನಾಗಿ ಸೀಳುವುದುಂಟು. ಈ ಬ್ಯಾಚನ್ನು ಅದ್ದಿ ತೆಗೆಯುವಷ್ಟರಲ್ಲಿ ಮಾಲೀಕರು ಪೂಜೆಗೆಂದು ಎಲ್ಲ ಕುಲುಮೆ ಬಂದ್ ಮಾಡಿಸಿದ್ದರು. ಮರುದಿನದವರೆಗೆ ಶಾಫ್ಟುಗಳು ತಣ್ಣಗೆ ಬಿದ್ದಿದ್ದವು.

ಓಡಿಹೋಗಿ ಉಸ್ತಾದರಿಗೆ ಹೇಳಿದೆ. ಕುಣಿದಾಡುತ್ತಾರೆ ಅಂದುಕೊಂಡಿದ್ದೆ. ಅವರ ಮುಖ ಸಣ್ಣಗಾಯಿತು.

"ಪೂಜೆಯಿಂದ ಒಡೆಯಿತು ಅಂತ ಬರೀಬೇಡ ಬೇಟಿ. ನಾನೇ ಜಾಸ್ತಿ ಕಾಯಿಸಿದೆ ಅಂತ ಬರಿ."

"ಕೆಲಸ ಹೋಗುತ್ತೆ, ಉಸ್ತಾದ್‌ಜಿ!"

"ಹೋಗಲಿ. ಜೀವಮಾನವೆಲ್ಲ ಈ ಬೆಂಕಿ ಮುಂದೆ ನಿಂತಿದ್ದೀನಿ, ಒಂದು ಸಲವೂ ಕೈ ಸುಡಲಿಲ್ಲ. ಕಾಪಾಡಿದವನ ಮೇಲೇ ತಪ್ಪು ಹೊರಿಸಲಾ?"

ಅಯ್ಯೋ, ದೇವರ ತಪ್ಪು ಅಂತ ನಾನೆಲ್ಲಿ ಅಂದೆ? ಪೂಜೆಯಲ್ಲ, ಕುಲುಮೆ ಆರಿಸಿದ ಹೊತ್ತು ತಪ್ಪು ಅಂದೆ. ಎಷ್ಟು ಹೇಳಿದರೂ ಅವರಿಗೆ ಎರಡೂ ಒಂದೇ. ಕೇಳುತ್ತಾ ಕೇಳುತ್ತಾ ನನಗೇ ಗೊಂದಲವಾಯಿತು. ಕೆಲಸ ಅವರದು, ಅದನ್ನು ಉಳಿಸಿಕೊಳ್ಳುವುದು ಬಿಡುವುದು ಅವರಿಷ್ಟವಲ್ಲವೇ? ಸುಳ್ಳು ಬರೆಯಲು ಮಾತ್ರ ಕೈ ಬರಲಿಲ್ಲ. ಇದ್ದದ್ದನ್ನೇ ಬರೆದುಕೊಟ್ಟೆ.

ಮಾಲೀಕರು ಓದಿ ಫೈಲಿಗೆ ಸೇರಿಸಿದರು. ಉಸ್ತಾದರ ಕೆಲಸ ಉಳಿಯಿತು. ಅವರಿಗೆ ನಾನು ಒಳ್ಳೆಯದು ಮಾಡಿದೆನೋ ಕೆಟ್ಟದ್ದೋ, ಇವತ್ತಿಗೂ ತಿಳಿದಿಲ್ಲ. ಮಗಳೆಂದು ಬೇಟಿ ಅನ್ನುತ್ತಿದ್ದವರು ಈಗ ನನ್ನನ್ನು ಮೇಡಂ ಅನ್ನುತ್ತಾರೆ.