ಗಾಳಿಯ ಮೇಲೆ ಕೂತ ಗಾಡಿ

ನಮ್ಮ ಮನೆಯವರಿಗೆ ಕೊಟ್ಟೂರಿನಲ್ಲಿ ಪಂಪ್‌ಸೆಟ್ ಅಂಗಡಿ. ಸುತ್ತಲಿನ ಯಾವ ಹೊಲದ ಬೋರಿನಲ್ಲಿ ಎಷ್ಟು ನೀರಿದೆ, ಯಾರ ಮೋಟರು ಯಾವಾಗ ಸುಡುತ್ತದೆ ಎಂಬುದೆಲ್ಲ ಅವರಿಗೆ ಬಾಯಿಪಾಠ. ಮನೆಯಲ್ಲಿ ಎಣ್ಣೆ ಮುಗಿದಿದೆ ಎಂಬುದು ಮಾತ್ರ ಎಷ್ಟು ಸಲ ಹೇಳಿದರೂ ಕಿವಿಗೆ ಹೋಗುವುದಿಲ್ಲ. ಅಂಥವರು ಒಂದು ದಿನ ಬೆಳಿಗ್ಗೆ ನಮ್ಮ ಹಳೆಯ ಜೀಪಿನಲ್ಲಿ ಹೊಸಪೇಟೆಗೆ ಹೋದವರು, ಸಂಜೆ ಹೊರದೇಶದ ಒಂದು ಭಾರೀ ಗಾಡಿಯಲ್ಲಿ ಬಂದು ಇಳಿದರು.

ಕಡುಹಸಿರು ಬಣ್ಣ, ಒಳಗೆ ಚರ್ಮದ ಸೀಟು, ಎದುರಿಗೆ ನುಣುಪಾದ ಕಟ್ಟಿಗೆಯ ಹಲಗೆ. ನಮ್ಮ ಓಣಿಯ ಅಗಲವನ್ನೆಲ್ಲ ಅದೊಂದೇ ನುಂಗಿತ್ತು. ಎದುರುಮನೆಯ ಎಮ್ಮೆ ಆವತ್ತು ಮನೆ ಸೇರಲು ಹಿಂದಿನ ಓಣಿಯಿಂದ ಸುತ್ತು ಹಾಕಿ ಬರಬೇಕಾಯಿತು. ಅದಿರಿನ ದುಡ್ಡು ಹರಿದಾಡುತ್ತಿದ್ದ ಕಾಲ ಅದು. ಯಾರೋ ಒಬ್ಬರು ಹುರುಪಿನಲ್ಲಿ ತರಿಸಿಕೊಂಡು, ಆಸೆ ತೀರುವಷ್ಟು ಓಡಿಸಿ, ರಿಪೇರಿಯವರು ಸಿಗದೆ ಅಂಗಳದಲ್ಲಿ ನಿಲ್ಲಿಸಿದ್ದರಂತೆ. ಇವರು ಜೀಪು ಕೊಟ್ಟು, ಮೇಲೆ ಒಂದಿಷ್ಟು ಸೇರಿಸಿ ತಂದಿದ್ದರು. ಆ ಒಂದಿಷ್ಟು ಎಷ್ಟು ಎಂದು ನನಗೆ ಇವತ್ತಿಗೂ ಹೇಳಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ನಾನು ಶುರು ಮಾಡಿದೆ. ಅವರು ಜಗಳಕ್ಕೆ ಬರಲಿಲ್ಲ. ನನ್ನ ಕೈ ಹಿಡಿದು ಗಾಡಿಯ ಹಿಂದೆ ಕೂರಿಸಿ, ಬ್ಯಾಟರಿ ಬೆಳಕು ಹಿಡಿದು ಅಡಿಗೆ ತೋರಿಸಿದರು. ಗಾಲಿಯ ಮಗ್ಗುಲಲ್ಲಿ ಕಪ್ಪು ರಬ್ಬರಿನ ಒಂದು ಗುಡಾಣದಂಥದ್ದು ಇತ್ತು.

“ಇದಕ್ಕ ಪಟ್ಟಿ ಇಲ್ಲ, ಸ್ಪ್ರಿಂಗೂ ಇಲ್ಲ. ನಾಕು ಗಾಲಿಗೂ ಇಂಥಾವು ಅದಾವು, ಒಳಗ ಬರೇ ಗಾಳಿ” ಅಂದರು. “ಗಾಳಿ ಮ್ಯಾಲೆ ಕುಂತೈತಿ ಗಾಡಿ. ಅವ್ವನ ನಡ ಅಲ್ಲಾಡಂಗಿಲ್ಲ.”

ಸಿಟ್ಟು ಪೂರ್ತಿ ಇಳಿಯಲಿಲ್ಲ, ಆದರೆ ಹೊರಗೆ ಬರಲು ದಾರಿ ಸಿಗಲಿಲ್ಲ.

ಅವ್ವ ಅಂದರೆ ನನ್ನ ಅತ್ತೆ, ಅವರ ಸೊಂಟದ ಕಥೆ ಇಷ್ಟು. ಅದಕ್ಕೆ ಕೆಲವು ವರ್ಷ ಹಿಂದೆ ಅವರು ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ಹಗರಿಬೊಮ್ಮನಹಳ್ಳಿಗೆ ಹೋಗುವಾಗ ಡ್ರೈವರು ಒಂದು ಉಬ್ಬನ್ನು ನೋಡದೆ ಹಾರಿಸಿದ್ದ. ಅತ್ತೆ ಮೇಲೆ ಹೋಗಿ ಕೆಳಗೆ ಬಿದ್ದರು, ಬೆನ್ನಿನ ಎಲುಬು ಸೀಳಿತು. ದಾವಣಗೆರೆಯ ಡಾಕ್ಟರು, ನಡೆಯಿರಿ, ಎಷ್ಟು ಬೇಕಾದರೂ ನಡೆಯಿರಿ, ಆದರೆ ಇನ್ನೊಂದು ಸಲ ಕುಕ್ಕು ಬಿತ್ತೆಂದರೆ ಹಾಸಿಗೆಯೇ ಗತಿ ಅಂದರು. ಅವತ್ತಿನಿಂದ ಅತ್ತೆ ಯಾವ ಗಾಡಿಯನ್ನೂ ಹತ್ತಿರಲಿಲ್ಲ. ದಿನಾ ಬೆಳಿಗ್ಗೆ ಕೆರೆ ಏರಿಯ ಮೇಲೆ ನನಗಿಂತ ಬಿರುಸಾಗಿ ನಡೆದು ಬರುತ್ತಿದ್ದರು. ಅದರಾಚೆಯ ಊರುಗಳೆಲ್ಲ ಅವರ ಪಾಲಿಗೆ ಮುಚ್ಚಿಹೋಗಿದ್ದವು.

ಆ ಮುಚ್ಚಿದ ಊರುಗಳಲ್ಲಿ ಮಾಗಳವೂ ಒಂದು. ಹಡಗಲಿಯ ಆಚೆ, ಹೊಳೆಯ ದಂಡೆಯಲ್ಲಿ ಅತ್ತೆಯ ಅಕ್ಕ ಇದ್ದರು. ಒಡಹುಟ್ಟಿದವರು ಅವರಿಬ್ಬರೇ. ನಾವು ದೊಡ್ಡತ್ತೆ ಅನ್ನುತ್ತಿದ್ದ ಆ ಹಿರಿಯರಿಗೆ ಎದೆಯ ಕಾಯಿಲೆ, ಮಂಚ ಬಿಟ್ಟು ಏಳುವುದು ಕಷ್ಟವಾಗಿತ್ತು. ಫೋನಿನಲ್ಲಿ ಇಬ್ಬರೂ ಮಾತಾಡುತ್ತಿದ್ದರು, ಆದರೆ ಇಬ್ಬರಿಗೂ ಕಿವಿ ಮಂದ. ಇವರು ಊಟವಾಯಿತೇ ಅಂದರೆ ಅವರು ಮಳೆಯಿಲ್ಲ ಅನ್ನುತ್ತಿದ್ದರು. ಈ ಬೇಸಿಗೆ ದಾಟುವುದು ಅನುಮಾನ ಎಂದು ದೊಡ್ಡತ್ತೆಯ ಸೊಸೆ ನನಗೆ ಹೇಳಿದ್ದಳು. ನಾನು ಇವರಿಗೆ ಹೇಳಿದ್ದೆ. ಕಿವಿಗೆ ಹೋಗಿಲ್ಲ ಎಂದುಕೊಂಡಿದ್ದೆ, ಹೋಗಿತ್ತು.

ಗಾಡಿ ಬಂದ ಮರುದಿನ ಬೆಳಿಗ್ಗೆ ಬಾಗಿಲು ತೆರೆದರೆ ಗಾಡಿ ಹಿಂದಿನ ಕಾಲು ಮಡಿಚಿ ಕೂತಿತ್ತು. ಒಂದು ರಬ್ಬರಿನಲ್ಲಿ ಸಣ್ಣ ಸೋರಿಕೆ. ನಮ್ಮ ಮನೆಯವರು ಕೀಲಿ ತಿರುಗಿಸಿದರು. ಒಳಗೆಲ್ಲೋ ಒಂದು ಪುಟ್ಟ ಪಂಪು ಗುರ್ರ್ ಅನ್ನತೊಡಗಿತು. ಗಾಡಿ ನಿಧಾನವಾಗಿ, ಕೊಸರುತ್ತ, ಎದ್ದು ನಿಂತಿತು. ಓಣಿಯವರು ಟೀ ಲೋಟ ಹಿಡಿದುಕೊಂಡೇ ನೋಡಲು ಬಂದರು. ಒಂದು ವಾರದ ತನಕ ನಮ್ಮ ಮನೆಯ ಮುಂದೆ ದಿನಾ ಬೆಳಿಗ್ಗೆ ಇದೇ ಆಟ. ಗಾಡಿ ಇನ್ನೂ ಎದ್ದಿಲ್ಲವೇ ಎಂದು ಹಾಲಿನವಳು ನನ್ನನ್ನು ವಿಚಾರಿಸುತ್ತಿದ್ದಳು, ಮನೆಯ ಸೋಮಾರಿ ಅಳಿಯನನ್ನು ವಿಚಾರಿಸುವ ಹಾಗೆ.

ಪರೀಕ್ಷೆಗೆ ಹರಪನಹಳ್ಳಿ ರಸ್ತೆ ಆರಿಸಿದರು, ಆ ಕಾಲಕ್ಕೆ ಅಲ್ಲಿದ್ದಷ್ಟು ಗುಂಡಿ ಬೇರೆಲ್ಲೂ ಇರಲಿಲ್ಲ. ಅತ್ತೆ ಕೂರಬೇಕಾದ ಜಾಗದಲ್ಲಿ ನನ್ನನ್ನು ಕೂರಿಸಿ, ತೊಡೆಯ ಮೇಲೆ ಕಂಠಮಟ್ಟ ಮಜ್ಜಿಗೆ ತುಂಬಿದ ಚಂಬು ಇಟ್ಟರು. ನಾನು ಹೊಸ ಸೀರೆ ಉಟ್ಟಿದ್ದೆ. ಮಜ್ಜಿಗೆಯ ವಿಷಯ ಮೊದಲೇ ಹೇಳಬೇಕಿತ್ತು ಎಂದು ಗೊಣಗಿದೆ. ಗುಂಡಿಗಳು ಬಂದವು, ಹೋದವು. ಗಾಡಿ ತೊಟ್ಟಿಲಿನ ಹಾಗೆ ಒಮ್ಮೆ ತೂಗಿ ಸುಮ್ಮನಾಗುತ್ತಿತ್ತು. ಮಜ್ಜಿಗೆ ಒಂದು ಹನಿಯೂ ಚೆಲ್ಲಲಿಲ್ಲ. ಹಿಂದಿರುಗುವಾಗ ನಾನೇ ಅದನ್ನು ಕುಡಿದೆ.

ಅಲ್ಲಿಗೆ ಬಿಟ್ಟಿದ್ದರೆ ಎಲ್ಲ ಸುಸೂತ್ರ. ಆದರೆ ನಮ್ಮ ಕಡೆಯವರಿಗೆ ಗಾಡಿಯ ವಿಷಯದಲ್ಲಿ ಒಂದು ನಂಬಿಕೆ ಇದೆ, ಅದನ್ನು ತಾಯಿಯ ಹಾಲಿನ ಜೊತೆ ಕುಡಿದಿರುತ್ತೇವೆ. ಖಾಲಿ ಗಾಡಿ ಕುಣಿಯುತ್ತದೆ, ಭಾರ ಹಾಕಿದರೆ ಮೆತ್ತಗಾಗುತ್ತದೆ. ಪಟ್ಟಿ ಸ್ಪ್ರಿಂಗಿನ ಜೀಪು, ಟೆಂಪೋಗಳಲ್ಲಿ ಅದು ನಿಜವೂ ಹೌದು. ಅದಕ್ಕೇ ಬಸುರಿ ಹೆಂಗಸರನ್ನಾಗಲಿ, ಕಾಯಿಲೆಯವರನ್ನಾಗಲಿ ಕರೆದೊಯ್ಯುವಾಗ ಹಿಂದೆ ಜೋಳದ ಚೀಲ ಹೇರುವುದು ರೂಢಿ. ನನ್ನ ಹೆರಿಗೆಗೆ ಹೋಗುವಾಗಲೂ ನನ್ನ ಜೊತೆ ಎರಡು ಚೀಲ ಜೋಳ ದವಾಖಾನೆಗೆ ಬಂದಿದ್ದವು. ನರ್ಸಮ್ಮ ಅವುಗಳನ್ನು ನೋಡಿ ಏನೂ ಕೇಳಲಿಲ್ಲ, ಅವಳೂ ಈ ಕಡೆಯವಳೇ.

ಮಾಗಳಕ್ಕೆ ಹೊರಡುವ ಹಿಂದಿನ ದಿನ ಕೂಡ್ಲಿಗಿಯಿಂದ ಮಿಸ್ತ್ರಿ ಬಂದ. ಹೆದ್ದಾರಿಯ ಪಕ್ಕದ ಶೆಡ್ಡಿನಲ್ಲಿ ಲಾರಿಗಳ ಅಡಿಯಲ್ಲಿ ಮಲಗಿಯೇ ಆಯುಷ್ಯ ಕಳೆದವನು. ನಮ್ಮ ಗಾಡಿಯ ಅಡಿಗೂ ಮಲಗಿ, ಬಹಳ ಹೊತ್ತಿನ ಮೇಲೆ ಎದ್ದು ಬಂದ.

“ಖಾಲಿ ಗಾಡಿ ಕುಣಿತೈತ್ರಿ, ತುಂಬಿದ ಗಾಡಿ ತೂಗತೈತಿ” ಅಂದ. “ಎಂಥಾ ದೇಶದ್ದಾದ್ರೂ ಗಾಡಿ ಗಾಡೀನ. ಹಿಂದ ನಾಕು ಚೀಲ ಹಾಕ್ರಿ.”

ಗಾಡಿ ಹೇಗೂ ಮೆತ್ತಗಿದೆಯಲ್ಲ ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಅತ್ತೆಯ ಬೆನ್ನಿನ ಮಾತು, ಇನ್ನಷ್ಟು ಮೆತ್ತಗಾದರೆ ಯಾರಿಗೆ ಬೇಡ? ಬೆಳಿಗ್ಗೆ ಓಣಿಯ ಗಂಡಸರೆಲ್ಲ ಸೇರಿ ಜೋಳದ ಚೀಲ ಹೇರಿದರು. ಗಾಡಿಯ ಹಿಂಭಾಗ ಕುಗ್ಗಿತು. ಕುಗ್ಗಬೇಕು, ಕುಗ್ಗಿದರೇ ಭಾರ ಸಾಕಾಗಿದೆ ಎಂದು ಲೆಕ್ಕ. ಎಲ್ಲರೂ ತಲೆಯಾಡಿಸಿ ಕೈ ಒರೆಸಿಕೊಳ್ಳುವಷ್ಟರಲ್ಲಿ ಒಳಗಿನ ಪಂಪು ಗುರ್ರ್ ಅಂದಿತು. ಹಿಂಭಾಗ ಮೆಲ್ಲಗೆ ಎದ್ದು ಮೊದಲಿನ ಮಟ್ಟಕ್ಕೆ ಬಂದು ನಿಂತಿತು. ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಭಾರ ಸಾಲದು ಎಂದು ತೀರ್ಮಾನವಾಯಿತು. ಇನ್ನೊಂದು ಚೀಲ ಬಂತು, ಅದರ ಮೇಲೆ ಮತ್ತೊಂದು. ಗಾಡಿ ಕುಗ್ಗಿತು, ಗುರ್ರ್ ಅಂದಿತು, ಎದ್ದಿತು. ಈಗ ಇದು ಅತ್ತೆಯ ಬೆನ್ನಿನ ಪ್ರಶ್ನೆಯಾಗಿ ಉಳಿಯಲಿಲ್ಲ, ಓಣಿಯ ಮಾನದ ಪ್ರಶ್ನೆಯಾಯಿತು. ಯಾರೋ ಮನೆಗೆ ಓಡಿ ಶೇಂಗಾದ ಚೀಲ ತಂದರು. ಕೊನೆಗೆ ಗಾಡಿಯಲ್ಲಿ ಜಾಗ ಮುಗಿಯಿತೇ ಹೊರತು ಗಾಡಿಯ ಹಠ ಮುಗಿಯಲಿಲ್ಲ.

ಅತ್ತೆ ಇದನ್ನೆಲ್ಲ ಕಟ್ಟೆಯ ಮೇಲೆ ಕೂತು ನೋಡಿದರು. ಮಾಗಳಕ್ಕೆ ಹೋಗುತ್ತಿದ್ದೇವೆಯೋ, ದಾವಣಗೆರೆ ಮಾರುಕಟ್ಟೆಗೋ ಎಂದು ನನ್ನನ್ನು ಮೆಲ್ಲಗೆ ಕೇಳಿದರು. ಆಮೇಲೆ ಸ್ಟೂಲು ಹಾಕಿ, ನಾನು ಹಿಂದಿನಿಂದ ಒತ್ತಿ, ಇವರು ಮುಂದಿನಿಂದ ಎಳೆದು ಅವರನ್ನು ಹತ್ತಿಸಿದೆವು. ಗಾಡಿಯೊಳಗೆ ಕೂತ ಮೇಲೆ ಅತ್ತೆ ಕಿಟಕಿಯ ಮೇಲಿನ ಹಿಡಿಕೆಯನ್ನು ಹಿಡಿದ ಕೈ ಬಿಡಲೇ ಇಲ್ಲ. ಆ ಕೈ ನೋಡಿದಾಗ ನನಗೆ ಮೊದಲ ಸಲ ಭಯವಾಯಿತು. ಹೆಚ್ಚುಕಡಿಮೆಯಾದರೆ ಅತ್ತೆ ಅಕ್ಕನನ್ನೂ ನೋಡುವುದಿಲ್ಲ, ಕೆರೆ ಏರಿಯನ್ನೂ ನೋಡುವುದಿಲ್ಲ.

ಹಡಗಲಿಯ ತನಕ ಏನೂ ಆಗಲಿಲ್ಲ. ಅತ್ತೆಯ ಕೈ ಸಡಿಲವಾಯಿತು. ದಾರಿಯ ಬದಿಯ ಹೊಲಗಳಲ್ಲಿ ಹೆಂಗಸರು ಮಲ್ಲಿಗೆ ಮೊಗ್ಗು ಬಿಡಿಸಿ ಮುಗಿಸಿದ್ದರು, ಬುಟ್ಟಿಗಳಿಗೆ ಒದ್ದೆ ಬಟ್ಟೆ ಮುಚ್ಚಿ ಬಸ್ಸಿಗೆ ಕಾಯುತ್ತಿದ್ದರು. ಅಕ್ಕ ತಂಗಿ ಇಬ್ಬರೂ ಹುಡುಗಿಯರಿದ್ದಾಗ ಮೊಗ್ಗು ಬಿಡಿಸುವುದರಲ್ಲಿ ಪಂದ್ಯ ಕಟ್ಟುತ್ತಿದ್ದರಂತೆ, ಅಕ್ಕ ಬೇಗ ಆಗಲೆಂದು ತೊಟ್ಟು ಬಿಟ್ಟು ಕಿತ್ತು ಮೋಸ ಮಾಡುತ್ತಿದ್ದಳಂತೆ. ಆ ಮೋಸವನ್ನು ಅತ್ತೆ ಅಷ್ಟು ವರ್ಷವಾದರೂ ಮರೆತಿರಲಿಲ್ಲ. ಅಷ್ಟೂ ಹೊತ್ತು ಒಳಗಿನ ಪಂಪು ನಿಲ್ಲದೆ ಗುರ್ರ್ ಅನ್ನುತ್ತಲೇ ಇತ್ತು. ಸೋರುವ ಗಾಳಿಯನ್ನೂ ತುಂಬಬೇಕು, ಓಣಿಯ ಜೋಳವನ್ನೂ ಹೊರಬೇಕು, ಪಾಪ ಅದಾದರೂ ಏನು ಮಾಡೀತು?

ಮಾಗಳ ಇನ್ನೇನು ಹತ್ತಿರ ಅನ್ನುವಾಗ ಗುರ್ರ್ ನಿಂತಿತು. ಸುಟ್ಟ ವಾಸನೆ ಬಂತು. ನಮ್ಮ ಮನೆಯವರು ಗಾಡಿಯನ್ನು ಬದಿಗೆ ತಂದು ನಿಲ್ಲಿಸಿದರು. ಮೊದಲು ಹಿಂದಿನದು, ಆಮೇಲೆ ಮುಂದಿನದು, ಒಂದೊಂದೇ ಮೂಲೆ ಇಳಿಯುತ್ತ ಇಳಿಯುತ್ತ ಗಾಡಿ ನೆಲ ಹಿಡಿದು ಕೂತಿತು. ಹಾಗೇ ಓಡಿಸಬಹುದಿತ್ತು, ಆದರೆ ಈಗ ಅಡಿಯಲ್ಲಿ ಗಾಳಿಯೂ ಇಲ್ಲ, ಪಟ್ಟಿಯೂ ಇಲ್ಲ. ಒಂದೊಂದು ಕಲ್ಲೂ ನೇರ ಅತ್ತೆಯ ಬೆನ್ನಿಗೆ. ಇವರು ಇಳಿದು ದಾರಿಯ ಪಕ್ಕ ತಲೆಯ ಮೇಲೆ ಕೈ ಹೊತ್ತು ಕೂತರು. ದಿನಾ ಹತ್ತು ಜನರ ಪಂಪು ರಿಪೇರಿ ಮಾಡಿಸುವ ಮನುಷ್ಯ. ಬಯ್ಯಬೇಕೆಂದು ನಾಲಗೆ ತುದಿಗೆ ಬಂದದ್ದನ್ನು ನುಂಗಿದೆ. ಅವರ ಕಣ್ಣು ತುಂಬಿತ್ತು.

ಅತ್ತೆ ಬಾಗಿಲು ತೆಗೆದರು. ಗಾಡಿ ನೆಲಕ್ಕೆ ಕೂತಿದ್ದರಿಂದ ಸ್ಟೂಲು ಬೇಕಾಗಲಿಲ್ಲ, ಕಟ್ಟೆಯಿಂದ ಇಳಿದ ಹಾಗೆ ಇಳಿದರು. ಊರು ಎಷ್ಟು ದೂರ ಎಂದು ಕೇಳಿದರು. ಒಂದೂವರೆ ಮೈಲಿ ಇದ್ದೀತು, ಟ್ರ್ಯಾಕ್ಟರು ತರಿಸುತ್ತೇನೆ, ಬೇಡ ಬೇಡ ಟ್ರ್ಯಾಕ್ಟರು ಕುಕ್ಕುತ್ತದೆ, ಮಂಚ ತರಿಸಿ ಹೊರಿಸುತ್ತೇನೆ ಎಂದು ಇವರು ಬಡಬಡಿಸಿದರು. ಅತ್ತೆ ಸೆರಗು ಸಿಕ್ಕಿಸಿಕೊಂಡು ನಡೆಯಲು ಶುರು ಮಾಡಿಯೇ ಬಿಟ್ಟಿದ್ದರು. ಕೆರೆ ಏರಿಯ ಒಂದು ಸುತ್ತಿಗಿಂತ ಅದು ಹೆಚ್ಚೇನೂ ಆಗಿರಲಿಲ್ಲ. ಸ್ಪ್ರಿಂಗು, ಗಾಳಿ, ಜೋಳ ಎಂದು ವಾರದಿಂದ ತಲೆ ಕೆಡಿಸಿಕೊಂಡಿದ್ದ ನಾವಿಬ್ಬರೂ ಬಟ್ಟೆಯ ಚೀಲ ಹಿಡಿದು ಅವರ ಹಿಂದೆ ಓಡಿದೆವು.

ಮಾಗಳದಲ್ಲಿ ದೊಡ್ಡ ಗಾಡಿ ಬರುತ್ತದೆಂದು ಅಂಗಳದ ಒಗೆಯುವ ಕಲ್ಲನ್ನೇ ಸರಿಸಿ ಜಾಗ ಮಾಡಿದ್ದರು. ದೊಡ್ಡತ್ತೆಯ ಮಂಚವನ್ನು ಪಡಸಾಲೆಗೆ ತಂದು, ದಿಂಬು ಕೊಟ್ಟು ಕೂರಿಸಿದ್ದರು. ಅವರ ಕಣ್ಣು ಬಾಗಿಲಲ್ಲೇ ಇತ್ತು. ಕಾಲಲ್ಲಿ ಧೂಳು ಮೆತ್ತಿಕೊಂಡು ಬಂದ ತಂಗಿಯನ್ನು ನೋಡಿ ಸ್ವಲ್ಪ ಹೊತ್ತು ಉಸಿರಿಗೆ ಒದ್ದಾಡಿ, “ಗಾಡ್ಯಾಗ ಬರ್ತಿ ಅಂದ್ರು. ಎಲ್ಲೈತಿ ಗಾಡಿ?” ಅಂದರು.

“ಹಿಂದ ಬರ್ತೈತಿ” ಅಂದರು ಅತ್ತೆ. “ನಾ ಮುಂದ ಬಂದೆ.”

ಆಮೇಲೆ ಇಬ್ಬರೂ ಅತ್ತರು, ನನಗೂ ಅಳು ಬಂತು. ಮುಚ್ಚಿಡುವುದೇನಿದೆ. ಸಂಜೆಯ ಹೊತ್ತಿಗೆ ಮೊಗ್ಗಿನ ಮೋಸದ ಜಗಳ ಎದ್ದಿತ್ತು. ಎದುರುಬದುರು ಕೂತರೆ ಇಬ್ಬರ ಕಿವಿಯೂ ಚೆನ್ನಾಗಿಯೇ ಕೇಳುತ್ತಿತ್ತು.

ಗಾಡಿಯನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆದುಕೊಂಡು ನಾವು ಕೊಟ್ಟೂರಿಗೆ ಬಂದೆವು. ಅತ್ತೆ ಮಾಗಳದಲ್ಲೇ ಉಳಿದರು, ಜೋಳವೂ ಅಲ್ಲೇ ಉಳಿಯಿತು. ಪಂಪು ಸರಿಯಾದ ಕೂಡಲೇ ಬಂದು ಅವರನ್ನು ಕರೆದೊಯ್ಯುವುದೆಂದು ಮಾತಾಯಿತು. ಹೊರಡುವಾಗ ಅತ್ತೆ ನನ್ನನ್ನು ಬಾಗಿಲ ಮರೆಗೆ ಕರೆದು, “ಅವಸರ ಮಾಡಬ್ಯಾಡ ಅನ್ನು ನಿನ್ನ ಗಂಡಗ” ಅಂದಿದ್ದರು. ನಾನು ಹೇಳಿದೆ. ಕಿವಿಗೆ ಹೋದಂತೆ ಕಾಣಲಿಲ್ಲ. ತಾಡಪಾಲು ಹೊದ್ದು ಕೂತ ಗಾಡಿಯನ್ನು ನೋಡಿ ಓಣಿಯವರು, ಇನ್ನೂ ಎದ್ದಿಲ್ಲವೇ ಎಂದು ನಗುತ್ತಿದ್ದರು. ಇವರಿಗೆ ಅದು ಸಹಿಸಲಾಗದು. ಎಲ್ಲೆಲ್ಲಿಗೋ ಫೋನು ಹಚ್ಚಿದರು. ಕೂಡ್ಲಿಗಿಯ ಮಿಸ್ತ್ರಿ ಬಂದು, ಗಾಳಿಯೆಲ್ಲ ಕಿತ್ತೆಸೆದು ಲಾರಿಯ ಪಟ್ಟಿ ಹಾಕಿಬಿಡೋಣ ಅಂದ. ಅವನಿಗೆ ಟೀ ಕುಡಿಸದೆ ಕಳಿಸಿದರು. ಹಾಗೆ ಕಳಿಸುವುದು ನಮ್ಮ ಮನೆಯಲ್ಲಿ ಆಗುವ ಮಾತಲ್ಲ.

ಕೊನೆಗೆ ಮುಂಬಯಿಯಿಂದ ಪಂಪಿನ ಡಬ್ಬಿ ಬಂತು. ಇವರು ಅದನ್ನು ಎರಡೂ ಕೈಯಲ್ಲಿ ಹಿಡಿದು ಮನೆಗೆ ತಂದರು. ಈಗ ಬಿಚ್ಚುತ್ತಾರೆ ಎಂದು ನಾನು ಕತ್ತರಿ ತಂದೆ. ಅವರು ಏಣಿ ಹಾಕಿ ಡಬ್ಬಿಯನ್ನು ಅಟ್ಟದ ಮೇಲೆ ಇಟ್ಟು ಇಳಿದರು. ಮಾಗಳಕ್ಕೆ ಫೋನು ಮಾಡಿ, ಅವ್ವ, ಪಂಪು ಇನ್ನೂ ಬಂದಿಲ್ಲ, ಆ ಮುಂಬಯಿಯವರದು ಬರೀ ನಾಳೆ ನಾಳೆ ಎಂದು ಗಟ್ಟಿಯಾಗಿ ಹೇಳಿದರು. ನಾನು ಕತ್ತರಿ ಹಿಡಿದು ನಿಂತೇ ಇದ್ದೆ. ಮದುವೆಯಾಗಿ ಅಷ್ಟು ವರ್ಷವಾಗಿತ್ತು, ಆ ಮನುಷ್ಯನನ್ನು ಆವತ್ತು ಹೊಸದಾಗಿ ನೋಡಿದ ಹಾಗಾಯಿತು.

ಬೇಸಿಗೆ ಪೂರ್ತಿ ಪಂಪು ಬರಲಿಲ್ಲ. ದೊಡ್ಡತ್ತೆ ಬೇಸಿಗೆ ದಾಟಿದರು. ಮುಂಗಾರು ಹಿಡಿದ ಮೇಲೆ ಒಂದು ಮಧ್ಯಾಹ್ನ, ತಂಗಿ ತಲೆ ಬಾಚುತ್ತಿದ್ದಾಗ ಹೋದರು.

ಕಾರ್ಯವೆಲ್ಲ ಮುಗಿದ ಮೇಲೆ ಅತ್ತೆಯನ್ನು ಕರೆತರಲು ಗಾಡಿ ಹೋಯಿತು. ಅಟ್ಟದ ಪಂಪು ಈಗ ಅದರ ಹೊಟ್ಟೆಯಲ್ಲಿತ್ತು, ಸೋರುವ ರಬ್ಬರೂ ಬದಲಾಗಿತ್ತು. ಹಿಂದೆ ಒಂದು ಚೀಲವೂ ಇರಲಿಲ್ಲ. ಗಾಡಿ ಗುಂಡಿಗಳ ಮೇಲೆ ಮೆತ್ತಗೆ ತೂಗುತ್ತ ಬರುತ್ತಿತ್ತು. ಹಡಗಲಿ ದಾಟಿದ ಮೇಲೆ ಅತ್ತೆ, ಪಂಪು ಯಾವಾಗ ಬಂತೆಂದು ಮಗನನ್ನು ಕೇಳಿದರು. ಇವರು ರಸ್ತೆಯಿಂದ ಕಣ್ಣು ತೆಗೆಯದೆ, ಮೊನ್ನೆ ಬಂತು ಅಂದರು.

ಅತ್ತೆ ಹಿಂದಿನ ಸೀಟಿನಿಂದ ಮುಂದಕ್ಕೆ ಬಾಗಿ ಅವರ ಹೆಗಲ ಮೇಲೆ ಕೈ ಇಟ್ಟರು.

“ನಿಮ್ಮಪ್ಪಗೂ ಸುಳ್ಳು ಹೇಳಾಕ ಬರ್ತಿದ್ದಿಲ್ಲ” ಅಂದರು. “ನಿನಗೂ ಬರಂಗಿಲ್ಲ.”

ಕೊಟ್ಟೂರು ಬರುವ ತನಕ ಆ ಕೈ ಅಲ್ಲೇ ಇತ್ತು.