ಪಿಕಪ್ಪಿಗೆ ಎರಡಿಂಚು ಎತ್ತರ

"ಇಳಿಯಬೇಡಿ ಶೆಟ್ರೆ. ಕಾಲು ಕೆಳಗೆ ಇಡುವುದೇ ಬೇಡ."

ಸ್ಟೀರಿಂಗ್ ಹಿಡಿದ ಹಮೀದಾಕ ಹೀಗೆಂದಾಗ, ಬಾಗಿಲು ತೆರೆಯಲು ಹೋದ ನನ್ನ ಕೈ ಅಲ್ಲೇ ನಿಂತಿತು. ನಮ್ಮ ಪಿಕಪ್ಪು ಮರಳಿನ ದಾರಿಯಲ್ಲಿ ಹೊಟ್ಟೆ ಊರಿ ಕೂತಿತ್ತು. ದೊಡ್ಡ ಲಾರಿಗಳು ಓಡಾಡಿ ಓಡಾಡಿ ದಾರಿಯಲ್ಲಿ ಎರಡು ಆಳದ ಸಾಲು ಬಿದ್ದಿವೆ. ನಡುವೆ ದಿಬ್ಬ. ಲಾರಿಗೆ ಅದು ಲೆಕ್ಕಕ್ಕಿಲ್ಲ. ನಮ್ಮ ತಗ್ಗಿನ ಗಾಡಿ ಮಾತ್ರ ಆ ದಿಬ್ಬದ ಮೇಲೆ ಸಿಕ್ಕಿಕೊಂಡು, ಹಿಂದಿನ ಚಕ್ರಗಳು ಸುಮ್ಮನೆ ತಿರುಗುತ್ತಿದ್ದವು.

ಬೇರೆ ಕಾಲವಾಗಿದ್ದರೆ ಇಳಿದು ತಳ್ಳುತ್ತಿದ್ದೆವು. ಈಗ ಇಳಿಯುವುದು ಎಲ್ಲಿಗೆ? ದಾರಿಯ ಎರಡೂ ಕಡೆ ದಾಳಿಗೆ ಬಂದವರು ಮೈನ್ ಬಾಂಬು ಹೂತಿದ್ದಾರೆ ಅನ್ನುವುದು ಎಲ್ಲರಿಗೂ ಗೊತ್ತು. ಎಲ್ಲೆಲ್ಲಿ ಅನ್ನುವುದು ಯಾರಿಗೂ ಗೊತ್ತಿಲ್ಲ.

(ಯುದ್ಧ ಮುಗಿಯಿತಲ್ಲ, ಕುವೈತ್ ಸರಿಯಾಯಿತಾ ಎಂದು ಊರಿನಲ್ಲಿ ಈ ಅಂಕಣ ಓದುವ ನಿಮ್ಮಲ್ಲಿ ಕೆಲವರು ಕೇಳುತ್ತೀರಿ. ಮುಗಿದದ್ದು ಹೌದು. ಹೂತವರು ಹೋದರು, ಹೂತದ್ದು ಉಳಿದಿದೆ.)

ನಮ್ಮದು ಕೇಟರಿಂಗ್ ಕಂಪನಿ. ಉರಿಯುವ ಎಣ್ಣೆಬಾವಿ ಆರಿಸುವವರ ಕ್ಯಾಂಪಿಗೆ ದಿನಾ ಊಟ ಒಯ್ಯುತ್ತೇವೆ. ನಾನು ಸ್ಟೋರ್ ಕೀಪರ್, ಊಟ ಒಪ್ಪಿಸಿ ಬರುವವನು. ಗಾಡಿ ಓಡಿಸುವವರು ಉಳ್ಳಾಲದ ಹಮೀದಾಕ, ನನಗಿಂತ ಹಿರಿಯರು. (ನಾವು ಮಾತಾಡುವುದು ತುಳುವಿನಲ್ಲಿ. ನಿಮಗಾಗಿ ಕನ್ನಡ ಮಾಡಿದ್ದೇನೆ.) ನಡುಮಧ್ಯಾಹ್ನವೂ ಹೆಡ್‌ಲೈಟ್ ಹಾಕಿಕೊಂಡೇ ಹೋಗಬೇಕು, ಎಣ್ಣೆಯ ಹೊಗೆಗೆ ಆಕಾಶ ಅಷ್ಟು ಕಪ್ಪು. ಆ ಕತ್ತಲಲ್ಲಿ, ಬೆನ್ನ ಹಿಂದೆ ಬಿಸಿ ಅನ್ನದ ಡಬ್ಬಗಳನ್ನಿಟ್ಟುಕೊಂಡು, ಇಬ್ಬರೂ ಕಾದು ಕೂತೆವು.

ಕೊನೆಗೆ ಹಿಂದಿನಿಂದ ಒಂದು ನೀರಿನ ಟ್ಯಾಂಕರ್ ಬಂತು. ಅದರ ಡ್ರೈವರ್ ಇಳಿದ. ಚಕ್ರದ ಗುರುತಿನ ಮೇಲೇ ಒಂದೊಂದು ಹೆಜ್ಜೆ ಇಟ್ಟು ಬಂದು ನಮ್ಮನ್ನು ಹಿಂದಕ್ಕೆ ಎಳೆದು ಬಿಡಿಸಲು ಹಗ್ಗ ಕಟ್ಟಿದ. ನಾನು ಅವನ ಮುಖ ನೋಡಲೇ ಇಲ್ಲ. ಅವನ ಚಪ್ಪಲಿಗಳನ್ನೇ ನೋಡುತ್ತಿದ್ದೆ.

ನಮ್ಮ ಮಿಸ್ರಿ (ಈಜಿಪ್ಟಿನ) ಮ್ಯಾನೇಜರ್ ಎಲ್ಲ ಕೇಳಿ ಒಂದೇ ಮಾತು ಹೇಳಿದ. "ಗಾಡಿ ಎತ್ತರ ಮಾಡಿಸಿ. ಖಲಾಸ್."

ಲಿಫ್ಟ್ ಕಿಟ್ ಅಂತ ಒಂದಿದೆ. ಸ್ಪ್ರಿಂಗಿಗೂ ಆಕ್ಸಲಿಗೂ ನಡುವೆ ಕಬ್ಬಿಣದ ಗಟ್ಟಿ ಕೂರಿಸಿ, ಉದ್ದದ ಬೋಲ್ಟ್ ಹಾಕಿ ಬಿಗಿದರೆ ಗಾಡಿಯ ಹೊಟ್ಟೆ ನೆಲದಿಂದ ಮೇಲೆ ಹೋಗುತ್ತದೆ. ಮುಂದುಗಡೆಗೆ ಬೇರೆ ಕೆಲಸ. ಇಷ್ಟೇ. ಆದರೆ ಹಾಕಿಸುವುದು ಎಲ್ಲಿ? ಶುವೈಖ್‌ನ ಗ್ಯಾರೇಜುಗಳೆಲ್ಲ ಲೂಟಿಯಾಗಿ, ತೆರೆದಿರುವವೇ ಬೆರಳೆಣಿಕೆ.

ಮೊದಲನೆಯದು ದೊಡ್ಡ ಅಂಗಡಿ. ಹೊಸ ಬೋರ್ಡು, ಹೊಸ ಜಾಕು, ಕೂತವರಿಗೆ ಹಾಲಿಲ್ಲದ ಸುಲೈಮಾನಿ ಚಹಾ. ಮಾಲೀಕ ಗಾಡಿಯ ಬಾನೆಟ್ ತಟ್ಟಿ, "ಆರಿಂಚು ಏರಿಸುತ್ತೇನೆ ಭಾಯಿ. ಮಿಲಿಟರಿ ಟ್ಯಾಂಕ್ ಆಗಿಬಿಡುತ್ತದೆ. ಸಂಜೆಗೆ ಬನ್ನಿ," ಎಂದ. ಹಮೀದಾಕನ ಕಣ್ಣು ಹೊಳೆಯಿತು. ನಾನು ಬಗ್ಗಿ ಪಕ್ಕದ ಗಾಡಿಯ ಅಡಿ ನೋಡಿದೆ. ಗಟ್ಟಿಯ ಮೇಲೊಂದು ಗಟ್ಟಿ ಪೇರಿಸಿ ಬಿಗಿದಿದ್ದರು. ನನಗೆ ಮೆಕ್ಯಾನಿಕ್ ವಿದ್ಯೆ ಗೊತ್ತಿಲ್ಲ. ಆದರೆ ಸ್ಟೋರಿನಲ್ಲಿ ಡಬ್ಬದ ಮೇಲೆ ಡಬ್ಬ ಪೇರಿಸಿದರೆ ಏನಾಗುತ್ತದೆ ಅನ್ನುವುದು ಗೊತ್ತು.

ಎರಡನೆಯದು ಒಬ್ಬ ಪಾಕಿಸ್ತಾನಿ ಮೆಕ್ಯಾನಿಕ್ ಉಸ್ತಾದನ ಶೆಡ್ಡು. ಚಹಾ ಇಲ್ಲ, ನಗುವೂ ಇಲ್ಲ. ನಾವು ಎಲ್ಲಿಗೆ ಹೋಗುವವರು ಎಂದು ಕೇಳಿದ. ಹೇಳಿದೆ. ಕೈಯ ಸ್ಪಾನರ್ ಕೆಳಗಿಟ್ಟ.

"ಎರಡಿಂಚು. ಅದಕ್ಕಿಂತ ಹೆಚ್ಚು ನಾನು ಮಾಡುವುದಿಲ್ಲ."

"ಆಚೆಯವನು ಆರು ಅಂತಾನೆ," ಎಂದರು ಹಮೀದಾಕ.

"ಅಲ್ಲಿಗೇ ಹೋಗಿ. ನಾನೂ ಒಬ್ಬನಿಗೆ ಹಾಗೆ ಏರಿಸಿ ಕೊಟ್ಟಿದ್ದೆ. ರಿಂಗ್ ರೋಡಿನ ತಿರುವಿನಲ್ಲಿ ಮಗುಚಿತು. ಅವನು ಬದುಕಿದ. ಆಮೇಲೆ ನನಗೇ ಧೈರ್ಯ ಇಲ್ಲ."

"ಗ್ಯಾರಂಟಿ ಕೊಡ್ತೀರಾ?" ನಾನು ಕೇಳಿದೆ.

"ಬೋಲ್ಟಿಗೆ ಕೊಡ್ತೇನೆ. ದಾರಿಗೆ ಕೊಡೋಕೆ ನಾನು ಯಾರು?"

ಹೊರಗೆ ಬಂದ ಮೇಲೆ ಹಮೀದಾಕನಿಗೂ ನನಗೂ ವಾದ. "ಎಂತ ಮಾರಾಯ್ರೆ, ಮಗುಚಿದೆ ಅಂತ ಅವನೇ ಹೇಳ್ತಾನೆ. ಅವನ ಹತ್ತಿರ ಕೊಡುವುದಾ?"

ಅವನೇ ಹೇಳಿದ ಎನ್ನುವುದಕ್ಕೇ ಕೊಡುವುದು ಎಂದೆ. ನಾವು ಬದುಕಿ ಬರಬೇಕಾದ ಗಾಡಿ ಅದು. ಹೆದರದವನ ಕೈಯಲ್ಲಿ ಅದನ್ನು ಹೇಗೆ ಬಿಡಲಿ? ಹಮೀದಾಕ ಮುಖ ದಪ್ಪ ಮಾಡಿಕೊಂಡೇ ಒಪ್ಪಿದರು.

ಎರಡಿಂಚು ಅಂದರೆ ಏನು ಮಹಾ? ಮರುದಿನ ಆ ದಿಬ್ಬ ನಮ್ಮ ಹೊಟ್ಟೆಗೆ ತಾಗಲೇ ಇಲ್ಲ. ಹಮೀದಾಕ ಎಷ್ಟೋ ದಿನಗಳ ಮೇಲೆ ಗುನುಗತೊಡಗಿದರು. ನನಗೂ ಉಸಿರು ಹಗುರಾಯಿತು.

ಕಥೆ ಇಲ್ಲಿಗೇ ಮುಗಿದಿದ್ದರೆ ಈ ವಾರ ಬರೆಯುತ್ತಿರಲಿಲ್ಲ.

ಮೊನ್ನೆ ಅದೇ ದಾರಿಯಲ್ಲಿ ಒಂದು ಪೈಪಿನ ಲಾರಿ ಕೆಟ್ಟು ಅಡ್ಡ ನಿಂತಿತ್ತು. ಊಟಕ್ಕೆ ಹೊತ್ತಾಗಿತ್ತು. ಹಮೀದಾಕ ಲಾರಿಯನ್ನು ನೋಡಿದರು, ಪಕ್ಕದ ನುಣ್ಣನೆ ಮರಳನ್ನು ನೋಡಿದರು.

"ಬದಿಯಿಂದ ತೆಗೆಯುವ ಶೆಟ್ರೆ. ಈಗ ಎತ್ತರ ಉಂಟಲ್ಲ."

ಹೇಳುತ್ತಲೇ ಸ್ಟೀರಿಂಗ್ ತಿರುಗಿಸಿದರು. ಕಾಲು ಕೆಳಗಿಡಬೇಡಿ ಎಂದ ಮನುಷ್ಯ ಇವರೇ. ಮುಂದಿನ ಚಕ್ರ ಸಾಲಿನಿಂದ ಮೇಲೇರಿತು. ಯಾವ ಗುರುತೂ ಇಲ್ಲದ ಮರಳು ಗಾಜಿನ ಮುಂದೆ ಬಂತು. ನನ್ನ ಕೈ ತಾನಾಗಿ ಹ್ಯಾಂಡ್ ಬ್ರೇಕ್ ಎಳೆಯಿತು.

"ಎಂತ ಮಾಡ್ತೀರಿ?"

"ಹಮೀದಾಕ, ನಮ್ಮ ಕಾಲು ಇಡಬಾರದ ಕಡೆ ಚಕ್ರ ಇಡಬಹುದಾ?"

ಅವರು ಕಿಟಕಿಯಿಂದ ತಲೆ ಹೊರಹಾಕಿ, ಬಂದ ಗುರುತಿನ ಮೇಲೇ ಇಂಚಿಂಚಾಗಿ ಹಿಂದೆ ತೆಗೆದರು. ಮುಂದಿನ ಚಕ್ರ ಮತ್ತೆ ಸಾಲಿಗೆ ಇಳಿದಾಗ ಕಣ್ಣು ಮುಚ್ಚಿ ಏನೋ ಹೇಳಿಕೊಂಡರು. ನಾನೂ ನನಗೆ ಗೊತ್ತಿದ್ದ ದೇವರನ್ನು ನೆನೆದೆ.

ಲಾರಿ ಸರಿಯುವವರೆಗೆ ಕಾದೆವು. ಅನ್ನ ತಣ್ಣಗಾಯಿತು. ಕ್ಯಾಂಪಿನವನಿಂದ ಬೈಸಿಕೊಂಡೆವು. ಅಲ್ಲಿ ನಿಜವಾಗಿಯೂ ಮೈನ್ ಇತ್ತಾ? ಗೊತ್ತಿಲ್ಲ. ಗೊತ್ತುಮಾಡಿಕೊಳ್ಳಲು ಇದ್ದದ್ದು ಒಂದೇ ದಾರಿ.

ಖೈತಾನ್‌ನ ರೂಮಿನ ಮುಂದೆ ನನ್ನನ್ನು ಇಳಿಸುವಾಗ ಹಮೀದಾಕ ಮುಖ ನೋಡದೆ ಹೇಳಿದರು, "ಅಂಗಡಿ ಸರಿಯಾದದ್ದೇ ಆರಿಸಿದ್ದೀರಿ. ಆರಿಂಚು ಇದ್ದಿದ್ದರೆ ಇವತ್ತು ನಿಮ್ಮ ಮಾತು ನಾನು ಕೇಳ್ತಾ ಇರಲಿಲ್ಲ."

ಧೈರ್ಯ ಮಾರುವ ಅಂಗಡಿ ಎಲ್ಲಿ ನೋಡಿದರೂ ಇದೆ; ಹೆದರಿಕೆಯನ್ನು ಒಂದಿಷ್ಟು ಉಳಿಸಿ ಕಳಿಸುವ ಅಂಗಡಿ ನಿಮ್ಮ ಬೀದಿಯಲ್ಲಿ ಇದೆಯೇ?